ಉಪ್ಪಾಗೆ: ತುಪ್ಪದ ಮರ, ಸಿಪ್ಪೆಯ ಮರ

ದೊಡ್ಮನೆಯಲ್ಲಿ ನಿಂತು ಉಪ್ಪಾಗೆಯ ಬಗ್ಗೆ ಮಾತಾಡುವುದೆಂದರೆ ಮನೆಯವರಿಗೇ ಮನೆಯ ಸುದ್ದಿ ಹೇಳಿದ ಹಾಗೆ. ಕುಮಟೆಗೆ ಇಳಿಯುವ ಘಟ್ಟದಲ್ಲಿ ಆ ಮರವಿದೆ, ನಮ್ಮ ಸೊಪ್ಪಿನಬೆಟ್ಟಗಳಲ್ಲೂ ಇದೆ. ಪುಟ್ಟ ಕುಂಬಳದಂತೆ ಗೀರುಗೀರಾದ ಹಳದಿ ಹಣ್ಣನ್ನು ಇಲ್ಲಿ ಕೂತವರಲ್ಲಿ ಹೆಚ್ಚಿನವರು ಒಮ್ಮೆಯಾದರೂ ಹೆಕ್ಕಿದ್ದೀರಿ.

ಮುರುಗಲು ಇದರ ದಾಯಾದಿ. ಅದು ಬೇಸಿಗೆಯಲ್ಲಿ ಹಣ್ಣಾಗುತ್ತದೆ, ಸಿಪ್ಪೆ ಅಂಗಳದ ಬಿಸಿಲಿಗೇ ಒಣಗುತ್ತದೆ. ಉಪ್ಪಾಗೆ ಹಣ್ಣಾಗುವುದು ಆಷಾಢದ ಜಡಿಮಳೆಯಲ್ಲಿ. ಬೆಂಕಿಯಿಲ್ಲದೆ ಅದು ಒಣಗುವುದಿಲ್ಲ. ಈ ಮರದ ಕಷ್ಟವೆಲ್ಲ ಶುರುವಾಗಿದ್ದು ಇಲ್ಲಿಂದಲೇ ಎಂದು ನನಗನ್ನಿಸುತ್ತದೆ.

ಮನೆ ಬಳಕೆಗಷ್ಟೇ ಆಗಿದ್ದಾಗ ಬೆಂಕಿ ಭಾರವಾಗಿರಲಿಲ್ಲ. ಹೇಗೂ ಉರಿಯುವ ಅಡುಗೆ ಒಲೆಯ ಮೇಲೆ ತಟ್ಟಿ ಕಟ್ಟಿ ಸಿಪ್ಪೆ ಹರವಿದರೆ ಹೊಗೆಗೇ ಕಪ್ಪಾಗಿ ಒಣಗುತ್ತಿತ್ತು. ಸಾರಿಗೆ ಒಂದು ಚೂರು ಸಾಕು, ವರ್ಷಕ್ಕೆ ಒಂದು ಡಬ್ಬಿ ಧಾರಾಳ. ಕೇರಳದವರು ಇದನ್ನೇ ಕುಡಂಪುಳಿ ಎಂದು ಮೀನಿಗೆ ಹಾಕುತ್ತಾರೆ. ಕೊಡಗಿನವರು ರಸ ಬತ್ತಿಸಿ ಕಾಚಂಪುಳಿ ಮಾಡುತ್ತಾರೆ. ಹೊಟ್ಟೆ ಕೆಟ್ಟರೆ ಸಿಪ್ಪೆಯ ಕಷಾಯ ಕುಡಿಯುವುದು, ದನದ ಬಾಯಿ ಹುಣ್ಣಾದರೆ ಅದರಲ್ಲೇ ತೊಳೆಯುವುದು ಹಳೆಯ ರೂಢಿ.

ಬೀಜದ ತುಪ್ಪದ ಕೆಲಸ ನಿಧಾನದ್ದು. ನಮ್ಮ ಆಯಿ ಬೀಜ ಒಣಗಿಸಿ, ಒರಳಲ್ಲಿ ಕುಟ್ಟಿ, ಹಂಡೆಯ ನೀರಿಗೆ ಹಾಕಿ ಕುದಿಸುತ್ತಿದ್ದಳು. ಜಿಡ್ಡು ಮೇಲೆ ಬಂದು ಕಣ್ಣುಕಣ್ಣಾಗಿ ತೇಲುತ್ತಿತ್ತು. ನಾನು ಸೌಟು ಹಿಡಿದು ಮುನ್ನುಗ್ಗಿದರೆ, "ಗಡಿಬಿಡಿ ಮಾಡಡ ಮಾಣಿ, ಕೂಡ್ಲಿ ಅದು" ಅನ್ನುತ್ತಿದ್ದಳು. ಕೂಡಿದ ಮೇಲೆ ಮೆಲ್ಲಗೆ ಕೆನೆಯಂತೆ ತೆಗೆದು ಕರಟಕ್ಕೆ ಎರೆದರೆ, ಆರಿದ ಮೇಲೆ ಮೇಣದ ಉಂಡೆ. ಮಳೆಗಾಲದಲ್ಲಿ ಗದ್ದೆ ಕೆಸರು ತುಳಿದು ಒಡೆದ ಹಿಮ್ಮಡಿಗೆ ಅದನ್ನು ದೀಪಕ್ಕೆ ಹಿಡಿದು ಕರಗಿಸಿ ತುಂಬುತ್ತಿದ್ದಳು. ಮೊದಲು ಚುರ್ ಎನ್ನುತ್ತಿತ್ತು, ಬೆಳಗಾಗುವಾಗ ನೋವು ಇಳಿದಿರುತ್ತಿತ್ತು. ಎಷ್ಟೋ ಮನೆಗಳಲ್ಲಿ ದೋಸೆಗೂ ಇದೇ ತುಪ್ಪ.

ಆಮೇಲೆ ಪೇಟೆ ಬಂತು. ಇದರ ಹುಳಿಯಲ್ಲಿರುವ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ಗುರುತಿಸಿದವರು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್. ಆ ಆಮ್ಲ ಬೊಜ್ಜು ಕರಗಿಸುತ್ತದೆ ಎಂಬ ಮಾತು ಹಬ್ಬಿ, 1990ರ ದಶಕದಲ್ಲಿ ಅಮೆರಿಕದ ಮಾತ್ರೆಗಳಿಗಾಗಿ ನಮ್ಮ ಸಿಪ್ಪೆಗೆ ಬೆಲೆ ಬಂತು. ಬಡವರ ಕೈಗೆ ಮಳೆಗಾಲದಲ್ಲಿ ನಾಲ್ಕು ಕಾಸು ಸಿಕ್ಕಿತು, ಅದನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಪೈಪೋಟಿಯಲ್ಲಿ ಕಾಯಿ ಹಣ್ಣಾಗಲು ಯಾರೂ ಕಾಯಲಿಲ್ಲ, ಟೊಂಗೆ ಸಮೇತ ಕಡಿದರು. ಸಿಪ್ಪೆ ಒಣಗಿಸಲು ಗಾಡಿಗಟ್ಟಲೆ ಕಟ್ಟಿಗೆ ಸುಟ್ಟರು. 1983ರಲ್ಲಿ ಸಾಲ್ಕಣಿಯ ಕಾಡಿನಲ್ಲಿ ಕಡಿಯುವವರನ್ನು ತಡೆಯಲು ಮರ ಅಪ್ಪಿಕೊಂಡು ನಿಂತ ಸೀಮೆ ನಮ್ಮದು. ಅಂಥಲ್ಲೇ ಈ ಕಡಿತ ನೋಡುವಾಗ ಹೊಟ್ಟೆ ಉರಿಯುತ್ತದೆ.

ಆ ಮಾತ್ರೆಯಿಂದ ಆದದ್ದೇನು? ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ನಡೆದ ಪರೀಕ್ಷೆ 1998ರಲ್ಲಿ ಪ್ರಕಟವಾಯಿತು. ಬರೀ ಹುಸಿಮಾತ್ರೆ ನುಂಗಿದವರಿಗಿಂತ ಅಸಲಿ ಮಾತ್ರೆ ನುಂಗಿದವರ ತೂಕವೇನೂ ಹೆಚ್ಚು ಇಳಿದಿರಲಿಲ್ಲ. ಮುಂದೆ ಇಂಥ ಮಾತ್ರೆ ತಿಂದು ಯಕೃತ್ತು ಕೆಟ್ಟವರ ವರದಿಗಳೂ ಬಂದವು. ಸಾರಿನ ಚೂರೇ ಬೇರೆ, ಸಾರ ಹಿಂಡಿದ ಮಾತ್ರೆಯೇ ಬೇರೆ. ಔಷಧದ ಮರ ಎಂದ ಕೂಡಲೇ ಪೊಟ್ಟಣ ಕೊಳ್ಳಲು ಓಡಬೇಡಿ, ವೈದ್ಯರನ್ನು ಕೇಳಿ.

ಇನ್ನೊಂದು ಮಾತು. ಈ ಹಣ್ಣಿಗೆ ನಮಗಿಂತ ಮೊದಲಿನ ಹಕ್ಕುದಾರ ಸಿಂಗಳೀಕ. ಅದಕ್ಕೆಂದೇ 2011ರಲ್ಲಿ ಅಘನಾಶಿನಿ ಕೊಳ್ಳದ ಕಾಡನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ತುದಿ ಟೊಂಗೆಯ ಹಣ್ಣು ಅದಕ್ಕಿರಲಿ. ನಮಗೆ ಬುಡದಲ್ಲಿ ಬಿದ್ದದ್ದು, ಕೈಗೆ ಎಟಕಿದ್ದು ಸಾಕು. ಹೆಚ್ಚು ಬೇಕಾದವರು ಬೆಟ್ಟದಲ್ಲಿ ಕಸಿ ಗಿಡ ನೆಡಬಹುದು. ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆಬೇರೆ. ಬೀಜದಿಂದ ಎದ್ದ ಗಿಡ ಯಾವುದೆಂದು ಹೂ ಬಿಡುವವರೆಗೆ ತಿಳಿಯದು. ಹೆಣ್ಣು ಮರದ ಕಸಿಯಲ್ಲಿ ಆ ಚಿಂತೆಯಿಲ್ಲ.

ಆಯಿಯ ಕರಟ ಇವತ್ತು ತಂದಿದ್ದೇನೆ. ಹೋದ ಮಳೆಗಾಲದ ತುಪ್ಪ ಇದರಲ್ಲಿದೆ. ಕೈಯಿಂದ ಕೈಗೆ ದಾಟಿಸಿ, ಉಗುರಲ್ಲಿ ಒಂದಿಷ್ಟು ಕೆರೆದು ಬೆರಳ ಮೇಲೆ ತಿಕ್ಕಿ ನೋಡಿ.