ಫೋಟೋಗೆ ಮುಂಚೆ ಮನೆ



ಡೊಂಬಿವಲಿಯ ನಮ್ಮ ಫ್ಲ್ಯಾಟ್ ಮಾರಾಟದ ಫೋಟೋಗಾಗಿ ಎರಡು ದಿನ ದುಡಿದೆ. ಅಡುಗೆಕಟ್ಟೆ ಖಾಲಿ ಮಾಡಿ, ಬಾಲ್ಕನಿಯ ಬಟ್ಟೆ ತೆಗೆದು, ಕಿಟಕಿ ಗಾಜು ಒರೆಸಿದೆ. ಮನೆಯವರ ಫೋಟೋ, ಹೆಸರು-ನಂಬರ್ ಇರುವ ಕಾಗದ ಒಳಗಿಟ್ಟೆ. ಹಗಲು ಬೆಳಕಲ್ಲಿ ಮೂಲೆಯಲ್ಲಿ ನಿಂತು, ಮೊಬೈಲ್ ಅಡ್ಡ ಹಿಡಿದರೆ ಚಿಕ್ಕ ಹಾಲ್ ಕೂಡ ಪೂರ್ತಿ ಕಾಣುತ್ತದೆ.

ಬೆಡ್‌ರೂಮಿನ ಗೋಡೆಯಲ್ಲಿ ಮಳೆನೀರಿನ ಕಲೆ. "ಕಪಾಟು ಸರಿಸಿ ಮುಚ್ಚೋಣ" ಎಂದರು ನಮ್ಮವರು. ನಾವು ಕೊಂಡಾಗ ಅದು ಕ್ಯಾಲೆಂಡರಿನ ಹಿಂದಿತ್ತು. ಮೊದಲ ಮಳೆಗಾಲಕ್ಕೇ ಒದ್ದೆ ಗೋಡೆಯಿಂದ ಮಗುವಿನ ಹಾಸಿಗೆ ಎಳೆದವಳು ನಾನು. ಮುಚ್ಚಲು ಬಿಡಲಿಲ್ಲ. ಕಲೆಯ ಫೋಟೋವನ್ನೂ ಹಾಕಿದೆವು. ಬೆಲೆ ಸ್ವಲ್ಪ ಇಳಿಯಿತು.

ಕೊಂಡಾಕೆಯ ಕಂಕುಳಲ್ಲೂ ಕೂಸಿತ್ತು. ಕೀಲಿಕೈ ಕೊಡುವಾಗ ಅವಳ ಮುಖ ನೋಡಲು ನನಗೆ ಅಳುಕಾಗಲಿಲ್ಲ.