ಗೆರೆಯಾಚೆ ಕುಳಿತ ಹುಡುಗ



ನಾನು ಹೈಸ್ಕೂಲಿನಲ್ಲಿ 31 ವರ್ಷ ಪೀಟಿ ಮೇಷ್ಟ್ರಾಗಿದ್ದವನು. ಮೊದಲ ವರ್ಷಗಳ ಒಬ್ಬ ಹುಡುಗನಿಂದ ಮಾತು ಶುರುಮಾಡುತ್ತೇನೆ. ಸ್ಥೂಲ ಮೈಯವನು, ನಾಲ್ಕು ಹೆಜ್ಜೆ ಓಡಿದರೆ ಏದುಸಿರು. ಪೀಟಿ ಪೀರಿಯಡ್ ಬಂತೆಂದರೆ ಸುಣ್ಣದ ಗೆರೆಯಾಚೆ ಕುಳಿತು ಉಳಿದವರ ಚಪ್ಪಲಿ, ಕೈಗಡಿಯಾರ ಕಾಯುತ್ತಿದ್ದ. ಹೀಗೆ ಎರಡು ವರ್ಷ ಕಾದ. ನಾನು ಖೋಖೋ ತಂಡವನ್ನು ಜಿಲ್ಲಾ ಮಟ್ಟಕ್ಕೆ ಒಯ್ಯುವ ಗಡಿಬಿಡಿಯಲ್ಲಿದ್ದೆ. ಅವನು ನನ್ನ ಹಾಜರಿ ಪುಸ್ತಕದಲ್ಲಿದ್ದ, ಆಟದಲ್ಲಿರಲಿಲ್ಲ. ಅದು ನನ್ನ ತಪ್ಪೆಂದು ಹೊಳೆದದ್ದು, ನಾವು ಕಲಿತು ಕಲಿಸುವ ಈ ವಿದ್ಯೆ ಎಲ್ಲಿ ಹುಟ್ಟಿತೆಂದು ಓದಿದ ಮೇಲೆ.

ಅದು ಹುಟ್ಟಿ ಬೆಳೆದ ಮನೆಗಳಲ್ಲಿ ದೊಡ್ಡದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನ ಒಂದು ಕ್ರೈಸ್ತ ಶಾಲೆ. ಇಂದು ಸ್ಪ್ರಿಂಗ್‌ಫೀಲ್ಡ್ ಕಾಲೇಜೆಂದು ಹೆಸರಾಗಿರುವ ಅದು, ಆಗ ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘಗಳಿಗೆ ಕಾರ್ಯದರ್ಶಿಗಳನ್ನೂ ವ್ಯಾಯಾಮ ಶಿಕ್ಷಕರನ್ನೂ ತಯಾರು ಮಾಡುತ್ತಿತ್ತು. ಅಲ್ಲಿನ ಲೂಥರ್ ಗುಲಿಕ್ ಮನಸ್ಸು, ದೇಹ, ಆತ್ಮ ಎಂಬ ಮೂರು ಬಾಹುಗಳ ತ್ರಿಕೋನವನ್ನು ಲಾಂಛನವಾಗಿ ಕೊಟ್ಟರು. ಮೂರರಲ್ಲಿ ಒಂದು ಬಾಹು ಮುರಿದರೂ ಮನುಷ್ಯ ಪೂರ್ತಿಯಾಗುವುದಿಲ್ಲ ಎಂಬುದು ಅವರ ನಂಬಿಕೆ.

ಇವತ್ತು ಇದು ಸಾಮಾನ್ಯ ಮಾತಾಗಿ ಕೇಳಿಸುತ್ತದೆ. ಆ ಕಾಲದಲ್ಲಿ ಹಾಗಿರಲಿಲ್ಲ. ಮಾಂಟ್ರಿಯಲ್‌ನಲ್ಲಿ ಪಾದ್ರಿಯಾಗಲು ಓದುತ್ತಿದ್ದ ಜೇಮ್ಸ್ ನೈಸ್ಮಿತ್ ಫುಟ್‌ಬಾಲ್ ಆಡುತ್ತಾನೆಂದು, ಸಹಪಾಠಿಗಳು ಒಂದು ಕೋಣೆಯಲ್ಲಿ ಸೇರಿ ಅವನ ಆತ್ಮಕ್ಕಾಗಿ ಪ್ರಾರ್ಥಿಸಿದ್ದರು! ದೇಹವನ್ನು ಹೀಗೆ ಸಂಶಯದಿಂದ ನೋಡುವುದು ಒಂದೇ ಮತದ ಸೊತ್ತೇನಲ್ಲ. ಆಡುವ ಮಗ ಕೆಟ್ಟ ಎಂದು ನಮ್ಮ ಮನೆಗಳಲ್ಲೂ ಹೇಳುತ್ತಿದ್ದರು. ಆದರೆ ನೈಸ್ಮಿತ್‌ಗೆ ಆಟದ ನಡುವೆಯೇ ಬೇರೊಂದು ಸಂಗತಿ ಕಂಡಿತು. ಒಂದು ದಿನ ಜೊತೆಗಾರನೊಬ್ಬ ಸಿಟ್ಟಿನಲ್ಲಿ ಕೆಟ್ಟ ಮಾತಾಡಿದ, ತಟ್ಟನೆ ತಿರುಗಿ ಇವನ ಕ್ಷಮೆ ಕೇಳಿದ. ಇವನು ಪಕ್ಕದಲ್ಲಿದ್ದದ್ದು ಅವನಿಗೆ ಮರೆತುಹೋಗಿತ್ತಂತೆ. ಇವನೋ ಯಾರಿಗೂ ಉಪದೇಶ ಮಾಡಿದವನಲ್ಲ, ಜೊತೆಗೆ ನೇರವಾಗಿ ಆಡಿದ್ದನಷ್ಟೆ. ವೇದಿಕೆಯಿಂದ ಆಗುವ ಕೆಲಸ ಮೈದಾನದಿಂದಲೂ ಆಗುತ್ತದೆ ಎಂದು ನಂಬಿ ನೈಸ್ಮಿತ್ ಸ್ಪ್ರಿಂಗ್‌ಫೀಲ್ಡಿಗೆ ಹೋದರು. ದೈಹಿಕ ಶಿಕ್ಷಣದ ವಿದ್ಯಾರ್ಥಿಗಳಿಗೆ ನಾನು ಹೇಳುವ ಮೊದಲ ಕತೆ ಯಾವಾಗಲೂ ಇದೇ.

ಎರಡನೆಯದು ನಿಮಗೆ ಗೊತ್ತಿರುವಂಥದು. ಆದರೂ ನಿಧಾನವಾಗಿ ನೋಡೋಣ. 1891ರ ಚಳಿಗಾಲ. ಹೊರಗೆ ಹಿಮ, ಒಳಗೆ 18 ಜನ ವಿದ್ಯಾರ್ಥಿಗಳು. ಕವಾಯತು ಅವರಿಗೆ ಸಾಕುಸಾಕಾಗಿತ್ತು. ಇಬ್ಬರು ಶಿಕ್ಷಕರು ಆ ತರಗತಿಯನ್ನು ಕೈಬಿಟ್ಟಿದ್ದರು. ಗುಲಿಕ್ ಅದನ್ನು ನೈಸ್ಮಿತ್‌ಗೆ ಒಪ್ಪಿಸಿ ಎರಡು ವಾರದ ಗಡುವು ಕೊಟ್ಟರು. ಫುಟ್‌ಬಾಲ್, ಲಕ್ರಾಸ್ ಆಟಗಳನ್ನು ಒಳಾಂಗಣಕ್ಕೆ ತಂದು ನೋಡಿದ್ದಾಯಿತು. ಮೈಕೈ ನೋವಾಯಿತೇ ಹೊರತು ಆಟ ಕೂಡಿಬರಲಿಲ್ಲ. ಆಗ ನೈಸ್ಮಿತ್ ಮೂಲಕ್ಕೇ ಹೋದರು. ಚೆಂಡು ಹಿಡಿದು ಓಡುವುದರಿಂದ ತಾನೇ ಆಟಗಾರನನ್ನು ಕೆಡವುವುದು? ಹಿಡಿದು ಓಡುವಂತಿಲ್ಲ ಎಂದರೆ ಕೆಡವುವ ಕಾರಣವೇ ಇಲ್ಲ. ಗುರಿ ನೆಲದ ಮೇಲಿದ್ದರೆ ರಭಸದಿಂದ ಹೊಡೆಯುತ್ತಾರೆ. ತಲೆಗಿಂತ ಮೇಲಿದ್ದರೆ ಹದವಾಗಿ ಎಸೆಯಲೇಬೇಕು. ಇದು ಹೊಳೆದದ್ದು ಚಿಕ್ಕಂದಿನಲ್ಲಿ ಆಡಿದ, ಬಂಡೆಯ ಮೇಲಿಟ್ಟ ಕಲ್ಲಿಗೆ ಗುರಿಯಿಟ್ಟು ಕಲ್ಲೆಸೆಯುವ ಆಟದಿಂದ. ನಮ್ಮ ಲಗೋರಿಗೆ ಅದು ದೂರದ ನೆಂಟ ಎನ್ನಬಹುದು. ಪೆಟ್ಟಿಗೆ ಕೇಳಿದರೆ ಶಾಲೆಯ ಕೆಲಸಗಾರ ಪೀಚ್ ಹಣ್ಣಿನ ಎರಡು ಬುಟ್ಟಿ ತಂದುಕೊಟ್ಟ. ಬುಟ್ಟಿಗಳನ್ನು ಮೊಳೆ ಹೊಡೆದು ನಿಲ್ಲಿಸಿದ ಮೊಗಸಾಲೆಯ ಕಟಾಂಜನ 10 ಅಡಿ ಎತ್ತರದಲ್ಲಿತ್ತು; ಇಂದಿಗೂ ರಿಂಗಿನ ಎತ್ತರ 10 ಅಡಿ. 13 ನಿಯಮ, ಒಂದೊಂದು ಕಡೆಗೆ 9 ಜನ, ಮೊದಲ ಆಟದಲ್ಲಿ ಬಿದ್ದದ್ದು ಒಂದೇ ಬುಟ್ಟಿ.

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು ಚಾಂಪಿಯನ್ನರಿಗಾಗಿ ಅಲ್ಲ, ಬೇಸರಗೊಂಡ ಒಂದು ತರಗತಿಗಾಗಿ. ಎದುರಿಗಿದ್ದ ಆಳನ್ನು ನೋಡಿ ಆಟವನ್ನು ಹೊಲಿದರು. ವಾಲಿಬಾಲ್ ಕತೆಯೂ ಹೀಗೆಯೇ. ಸ್ಪ್ರಿಂಗ್‌ಫೀಲ್ಡಿನಲ್ಲಿ ಓದಿದ ವಿಲಿಯಂ ಮಾರ್ಗನ್ ಹತ್ತಿರದ ಹೋಲಿಯೋಕ್ ಊರಿನ ವೈಎಂಸಿಎಯಲ್ಲಿ ವ್ಯಾಪಾರಸ್ಥರಿಗೆ ವ್ಯಾಯಾಮ ಹೇಳಿಕೊಡುತ್ತಿದ್ದರು. ನಡುವಯಸ್ಸಿನ ಆ ಜನಕ್ಕೆ ಬ್ಯಾಸ್ಕೆಟ್‌ಬಾಲ್ ದುಡಿಮೆ ಹೆಚ್ಚಾಯಿತು. 1895ರಲ್ಲಿ ಮಾರ್ಗನ್ ಆರೂವರೆ ಅಡಿ ಎತ್ತರಕ್ಕೆ ಬಲೆ ಕಟ್ಟಿದರು. ಮೈಗೆ ಮೈ ತಾಗುವಂತಿಲ್ಲ, ಎಷ್ಟು ಜನ ಬೇಕಾದರೂ ನಿಲ್ಲಬಹುದು. ಗೆಲುವಿನ ಹಂಗಿಲ್ಲದ ಸಾಮಾನ್ಯರನ್ನು ಸಂಜೆ ಒಂದು ಗಂಟೆ ಉಲ್ಲಾಸದಿಂದ ಆಡಿಸುವ ಈ ವಿದ್ಯೆಗೆ ಅಮೆರಿಕದಲ್ಲಿ ಪ್ರತ್ಯೇಕ ಓದಿದೆ, ಪದವಿಯಿದೆ. ನಮ್ಮಲ್ಲಿ ಅದಕ್ಕೆ ಸರಿಯಾದ ಹೆಸರೇ ಇನ್ನೂ ಹುಟ್ಟಿಲ್ಲ.

ಸ್ಪ್ರಿಂಗ್‌ಫೀಲ್ಡಿನ ದೀಪವನ್ನು ನಮ್ಮ ಕಡೆಗೆ ತಂದವರು ಹ್ಯಾರಿ ಕ್ರೋ ಬಕ್. ಅಲ್ಲಿ ತರಬೇತಾಗಿ ಬಂದು 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜನ್ನು ಶುರುಮಾಡಿದರು. ನಂದನಂನಲ್ಲಿ ಇಂದಿಗೂ ಅದು ನಡೆಯುತ್ತಿದೆ. ಆಗ ಮಂಗಳೂರು, ಬಳ್ಳಾರಿ ಎರಡೂ ಮದ್ರಾಸ್ ಪ್ರಾಂತ್ಯದವು; ಆ ಕಡೆಯ ಕನ್ನಡಿಗರಿಗೆ ಅದು ತಮ್ಮ ರಾಜಧಾನಿಯ ಕಾಲೇಜೇ. ನನಗೆ ಸಾವಧಾನ್, ವಿಶ್ರಾಮ್ ಕಲಿಸಿದ ಗುರುಗಳು ಅಲ್ಲಿ ಓದಿ ಬಂದವರು. ಆಟದ ನಿಯಮದ ಬಗ್ಗೆ ಜಗಳ ಬಂದರೆ ಅವರು ಬಾಯಿಮಾತಿಗೆ ಒಪ್ಪುತ್ತಿರಲಿಲ್ಲ, ಬಕ್ ಸಂಪಾದಿಸಿದ ನಿಯಮಗಳ ಪುಸ್ತಕವನ್ನೇ ತೆಗೆದು ತೋರಿಸುತ್ತಿದ್ದರು. 1924ರ ಪ್ಯಾರಿಸ್ ಒಲಿಂಪಿಕ್ಸಿಗೆ ಹೋದ ಭಾರತದ ಅಥ್ಲೀಟುಗಳ ಜೊತೆ ಹೋದವರು ಬಕ್. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿದಾಗ ದೊರಾಬ್ಜಿ ಟಾಟಾ ಅಧ್ಯಕ್ಷರು, ವೈಎಂಸಿಎಯ ಎ. ಜಿ. ನೋರೆನ್ ಕಾರ್ಯದರ್ಶಿ. ಬಕ್ 1943ರಲ್ಲಿ ತೀರಿಕೊಂಡರು, ಕೊನೆಯವರೆಗೂ ಆ ಕಾಲೇಜನ್ನು ಬಿಡಲಿಲ್ಲ.

ಇನ್ನು ಕೋಚಿಂಗ್ ವಿಷಯ. ಶಿಕ್ಷಕ ಬೇರೆ, ಕೋಚ್ ಬೇರೆ. 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ತೆರೆದಾಗಿನಿಂದ ಕೋಚ್‌ಗೆ ನಮ್ಮಲ್ಲಿ ತನ್ನದೇ ಓದು ಇದೆ, ಗೌರವ ಇದೆ, ಇರಲೇಬೇಕು. ಆದರೆ ಶಿಕ್ಷಕನನ್ನೂ ಪದಕದ ತಕ್ಕಡಿಯಲ್ಲೇ ತೂಗುತ್ತಿದ್ದೇವೆ. ನೈಸ್ಮಿತ್‌ರನ್ನೇ ನೋಡಿ. ಆಮೇಲೆ ಅವರು ಕಾನ್ಸಸ್ ವಿಶ್ವವಿದ್ಯಾಲಯಕ್ಕೆ ಹೋದರು, ಪ್ರಾರ್ಥನಾಲಯದ ಹೊಣೆಯೂ ದೈಹಿಕ ಶಿಕ್ಷಣದ ಹೊಣೆಯೂ ಅವರದೇ. ಅಲ್ಲಿ ಅವರು ಕೋಚ್ ಆಗಿದ್ದಾಗ ಬ್ಯಾಸ್ಕೆಟ್‌ಬಾಲ್ ತಂಡ 55 ಪಂದ್ಯ ಗೆದ್ದು 60 ಸೋತಿತು. ಆಟವನ್ನೇ ಕಟ್ಟಿಕೊಟ್ಟವರ ಲೆಕ್ಕ ಇದು. ನಮ್ಮ ತಾಲ್ಲೂಕು ಕ್ರೀಡಾಕೂಟದ ಮಾನದಂಡದಲ್ಲಿ ಅವರು ಕೆಟ್ಟ ಮೇಷ್ಟ್ರು. ಆ ಮಾನದಂಡ ತಪ್ಪು ಎಂದೇ ನನ್ನ ತೀರ್ಮಾನ.

ಇಷ್ಟನ್ನು ಓದಿದ ವರ್ಷ ನಾನು ಹುರಿಹಗ್ಗದಲ್ಲಿ ವಾಲಿಬಾಲ್ ಬಲೆಯನ್ನು ಇಳಿಸಿ ಕಟ್ಟಿದೆ. ಒಂದೊಂದು ಕಡೆಗೆ ಹನ್ನೆರಡು ಜನ, ಚೆಂಡು ಒಮ್ಮೆ ನೆಲಕ್ಕೆ ಪುಟಿದರೂ ಸೈ ಎಂದು ನಿಯಮ ಮಾಡಿದೆ. ಗೆರೆಯಾಚೆ ಕುಳಿತವರೆಲ್ಲ ಒಳಗೆ ಬಂದರು. ಚಪ್ಪಲಿ ಕಾಯುತ್ತಿದ್ದ ಹುಡುಗ ಮಾತ್ರ ಅಷ್ಟರಲ್ಲಿ ಶಾಲೆ ಮುಗಿಸಿ ಹೋಗಿದ್ದ.

ಮುಖ್ಯೋಪಾಧ್ಯಾಯರು ಇಲ್ಲಿದ್ದೀರಿ. ಜನವರಿ ಬಂತೆಂದರೆ ಹತ್ತನೆಯ ತರಗತಿಯ ಪೀಟಿ ಪೀರಿಯಡ್ಡನ್ನು ಗಣಿತಕ್ಕೋ ವಿಜ್ಞಾನಕ್ಕೋ ಬರೆದುಕೊಡುತ್ತೀರಿ. ದಯವಿಟ್ಟು ಈ ವರ್ಷ ಕೊಡಬೇಡಿ. ಬಿ.ಪಿ.ಎಡ್. ಓದುತ್ತಿರುವ ಮಕ್ಕಳೇ, ಕೆಲಸಕ್ಕೆ ಸೇರಿದ ದಿನ ಸೀಟಿ ಊದುವ ಮುಂಚೆ ಗೆರೆಯಾಚೆ ಎಷ್ಟು ಮಂದಿ ಕುಳಿತಿದ್ದಾರೆಂದು ಎಣಿಸಿ. ಚಪ್ಪಲಿ ಕಾಯಲು ಯಾರನ್ನೂ ಕೂರಿಸಬೇಡಿ.