ಮನೆಯ ಹಿರಿಯರ ಚರಿತ್ರೆ



ರಾಮನಗರ ಚನ್ನಪಟ್ಟಣಗಳ ನಡುವೆ, ಮೈಸೂರು ಹೆದ್ದಾರಿಯ ಬದಿಯಲ್ಲಿ 1994ರಲ್ಲಿ ತೆರೆದ ಜಾನಪದ ಲೋಕವೆಂಬ ಸಂಗ್ರಹಾಲಯವು, ಉನ್ನತಾಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು ಅಕ್ಷರವರಿಯದ ಹಿರಿಯರ ಎದುರು ಶ್ರದ್ಧೆಯಿಂದ ಕುಳಿತು ಕೇಳಿದುದರ ಫಲವೆಂಬುದನ್ನು ನೆನೆದಾಗ, ಹಾಗೆ ಕೇಳುವ ವಿದ್ಯೆಯನ್ನೇ ನಮ್ಮ ಮಕ್ಕಳಿಗೆ ಏಕೆ ಕಲಿಸಬಾರದೆಂದು ನನಗೆನಿಸುವುದು. ಮಾಗಡಿಯ ಬಾಲಕನು ಕೆಂಪೇಗೌಡರ ಕೋಟೆಯನ್ನು ಬಲ್ಲನು. ತನ್ನ ಅಜ್ಜಿಯ ತವರನ್ನು ಅರಿಯನು. ಪೊರೆ ಕಳಚುವ ನಾಲ್ಕನೆಯ ಜ್ವರ ಕಳೆದು ಹಸಿದೆದ್ದ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತ ರಾತ್ರಿಯೆಲ್ಲ ಎಚ್ಚರವಿದ್ದು, ಹುಳು ಗೂಡುಕಟ್ಟುವ ಚಂದ್ರಿಕೆಯಿಂದ ಬಿಡಿಸಿದ ಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ದು, ಹರಾಜಿನಲ್ಲಿ ದರ ಕುಸಿದ ದಿನ ಮಾತಿಲ್ಲದೆ ಮರಳಿದ ಕನಕಪುರದ ತಾಯಿಯ ಬಾಳಾಗಲಿ, ಹಾಲೆಮರದ ತುಂಡನ್ನು ಕಡೆದು ಅರಗಿನ ಬಣ್ಣವೇರಿಸಿದ ಚನ್ನಪಟ್ಟಣದ ತಾತನ ಬಾಳಾಗಲಿ, ಯಾವ ಪಠ್ಯಪುಸ್ತಕದಲ್ಲಿ ದೊರಕೀತು?

ಮೊದಲು ಕೇಳುವ ಕ್ರಮವನ್ನು ಕಲಿಸಬೇಕು. ಯಾವ ವರ್ಷವೆಂದರೆ ಅಜ್ಜಿ ತೊಡರುವಳು. ಕೆರೆ ಕೋಡಿಬಿದ್ದಾಗಲೋ, ಮನೆಗೆ ವಿದ್ಯುದ್ದೀಪ ಬಂದಾಗಲೋ ಎಂದರೆ ನೆನಪು ತೆರೆದುಕೊಳ್ಳುವುದು. ಕೇಳಿದುದನ್ನು ಪಹಣಿಯೊಡನೆ, ಶಾಲಾ ದಾಖಲಾತಿಯೊಡನೆ ತಾಳೆನೋಡಬೇಕು. ಹೇಳಲೊಲ್ಲದ ದುಃಖವನ್ನು ಕೆದಕಲಾಗದು. ಇದು ಅತ್ಯಂತ ಮುಖ್ಯ. ತರಗತಿಯಲ್ಲಿ ಮಂಡಿಸುವ ಮುನ್ನ ಬರೆದುದನ್ನು ಆ ಹಿರಿಯರಿಗೇ ಓದಿ ಹೇಳಿ ಒಪ್ಪಿಗೆ ಪಡೆಯಬೇಕು; ಮಂಡಿಸುವ ದಿನ ಅವರನ್ನೂ ಶಾಲೆಗೆ ಕರೆತಂದು, ತಪ್ಪಿದ್ದಲ್ಲಿ ತಿದ್ದುವ ಅಧಿಕಾರವನ್ನು ಅವರಿಗೇ ಕೊಡಬೇಕು.